ಬಾಲಕಿಗೆ ಬಸ್ ಟಿಕೆಟ್ ಕಳುಹಿಸಿದ ಅಪರಿಚಿತ: ಈಗಲೇ ದೂರು ಕೊಡಬಹುದೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು)

ಕಾಫಿ ತೋಟದ ಲೈನ್ ಮನೆಯಲ್ಲಿರುವ ನಮ್ಮ ಹತ್ತನೇ ತರಗತಿಯ ವಿದ್ಯಾರ್ಥಿನಿಗೆ ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ ವ್ಯಕ್ತಿಯೊಬ್ಬ, ಜಾಹೀರಾತುಗಳಲ್ಲಿ ಅವಕಾಶ ಕೊಡಿಸುವುದಾಗಿ ನಂಬಿಸಿ, ಬೆಂಗಳೂರಿನ ಬಸ್ ಟಿಕೆಟನ್ನೂ ಕಳುಹಿಸಿದ್ದಾನೆ. ಆಕೆ ಹಿಂಜರಿದಾಗ, ಮೊದಲೇ ಪುಸಲಾಯಿಸಿ ತರಿಸಿಕೊಂಡಿದ್ದ ಖಾಸಗಿ ಚಿತ್ರವನ್ನು ಹಂಚುವುದಾಗಿ ಬೆದರಿಸುತ್ತಿದ್ದಾನೆ. ಹುಡುಗಿ ಊರು ಬಿಟ್ಟೇ ಇಲ್ಲ, ಪೊಲೀಸರಲ್ಲಿಗೆ ಹೋದರೆ ಹೆಸರು ಕೆಡುವುದಷ್ಟೇ ಎಂಬುದು ಮನೆಯವರ ಮಾತು. ಕಾನೂನು ಏನು ಹೇಳುತ್ತದೆ?

ಉತ್ತರ 1 (ವಕೀಲರು, ಚಿಕ್ಕಮಗಳೂರು)

ಆಕೆ ಬಸ್ ಹತ್ತುವವರೆಗೆ ಕಾನೂನು ಕಾಯುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ ಕಲಂ 11ರ ಪ್ರಕಾರ, ಲೈಂಗಿಕ ಉದ್ದೇಶದಿಂದ ಮಗುವನ್ನು ಡಿಜಿಟಲ್ ಮಾಧ್ಯಮದಲ್ಲಿ ಪದೇ ಪದೇ ಸಂಪರ್ಕಿಸುವುದೂ, ಚಿತ್ರವನ್ನು ಬಳಸುವುದಾಗಿ ಬೆದರಿಸುವುದೂ, ಆ ಚಿತ್ರ ನಕಲಿಯೇ ಆಗಿದ್ದರೂ, ಅಪರಾಧ. ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಬಿ ಕೂಡ ಅನ್ವಯಿಸಬಹುದು. ಟಿಕೆಟ್ ಕಳುಹಿಸಿದ್ದು ಭಾರತೀಯ ನ್ಯಾಯ ಸಂಹಿತೆಯ ಕಲಂ 143ರ ಮಾನವ ಕಳ್ಳಸಾಗಣೆಯ ಯತ್ನವಾಗುತ್ತದೆಯೇ ಎಂಬುದು ತನಿಖೆಯಲ್ಲಿ ತೀರ್ಮಾನವಾಗಬೇಕು. ಮಕ್ಕಳ ವಿಷಯದಲ್ಲಿ ಆ ಅಪರಾಧ ಸಾಬೀತಾದರೆ ಕನಿಷ್ಠ 10 ವರ್ಷ ಶಿಕ್ಷೆಯಿದೆ, ‘ಒಪ್ಪಿಯೇ ಬಂದಳು’ ಎಂಬ ವಾದ ನಿಲ್ಲುವುದಿಲ್ಲ.

ಇನ್ನೊಂದು ಮಾತು ಖಾರವಾದರೂ ಹೇಳಲೇಬೇಕು: ವಿಷಯ ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಕಲಂ 19ರಂತೆ ನಿಮ್ಮ ಕರ್ತವ್ಯ, ಮನೆಯವರು ಬೇಡವೆಂದರೂ. ಹೆಸರಿನ ಭಯಕ್ಕೆ ಅದೇ ಕಾಯ್ದೆಯ ಕಲಂ 23 ಮತ್ತು 24 ಉತ್ತರ ಕೊಡುತ್ತವೆ. ಮಾಧ್ಯಮಗಳು ಗುರುತು ಬಹಿರಂಗಪಡಿಸುವಂತಿಲ್ಲ. ಹೇಳಿಕೆಯನ್ನು ಸಮವಸ್ತ್ರದಲ್ಲಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ, ಮಗುವಿನ ಮನೆಯಲ್ಲಿಯೇ ಪಡೆಯಬಹುದು.

ಉತ್ತರ 2 (ಹಾಸನ)

ಗಾಬರಿಯಲ್ಲಿ ಖಾತೆಯನ್ನೂ ಚಾಟನ್ನೂ ಅಳಿಸಬೇಡಿ. ಪ್ರೊಫೈಲಿನಲ್ಲಿ ಕಾಣುವ ಹೆಸರು ರಾತ್ರೋರಾತ್ರಿ ಬದಲಾಗಬಹುದು, ಆದ್ದರಿಂದ ಯೂಸರ್‌ನೇಮ್ ಮತ್ತು ಪ್ರೊಫೈಲ್ ಲಿಂಕನ್ನು ಬರೆದಿಟ್ಟುಕೊಂಡು, ಬೆದರಿಕೆಯ ಸಂದೇಶಗಳ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವಂತೆ ತೆಗೆಯಿರಿ. ಆದರೆ ಆ ಚಿತ್ರವನ್ನು ಮಾತ್ರ, ‘ನೋಡಿ ಹೇಳಿ’ ಎಂದು ಮುಖ್ಯೋಪಾಧ್ಯಾಯರಿಗೂ ಬಂಧುಗಳಿಗೂ ವಾಟ್ಸಾಪಿನಲ್ಲಿ ಕಳುಹಿಸಬೇಡಿ. ಸದುದ್ದೇಶದ ಫಾರ್ವರ್ಡ್ ಕೂಡ ನಿಮ್ಮನ್ನೇ ತೊಡಕಿಗೆ ಸಿಲುಕಿಸೀತು. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗಾಗಲಿ ಹತ್ತಿರದ ಠಾಣೆಗಾಗಲಿ ಹೋಗಬಹುದು, ವ್ಯಾಪ್ತಿಯ ನೆಪ ಹೇಳಿದರೆ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಎಫ್‌ಐಆರ್) ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು.

ಪ್ರಶ್ನೆ ಕೇಳಿದವರು

ಮನೆಯಲ್ಲಿರುವುದು ಒಂದೇ ಫೋನ್, ಪರೀಕ್ಷೆಯ ನೋಟ್ಸ್ ಎಲ್ಲ ಅದರಲ್ಲಿದೆ. ಪೊಲೀಸರು ಅದನ್ನು ಇಟ್ಟುಕೊಳ್ಳುತ್ತಾರೆಯೇ?

ಉತ್ತರ 1 (ವಕೀಲರು, ಚಿಕ್ಕಮಗಳೂರು)

ಇಟ್ಟುಕೊಳ್ಳುವ ಸಾಧ್ಯತೆ ಹೆಚ್ಚು. ಚಾಟನ್ನು ಮುಟ್ಟದೆ, ನೋಟ್ಸ್‌ಗಳನ್ನು ಮಾತ್ರ ನಿಮ್ಮ ಫೋನಿಗೆ ಕಳುಹಿಸಿಕೊಂಡು ಅಚ್ಚು ಹಾಕಿಸಿಕೊಡಿ. ಫೋನ್ ಒಪ್ಪಿಸುವಾಗ ಜಪ್ತಿ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಮುಂದೆ ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆ.