ಎರಡು ಪದದ ವಾಕ್ಯ ಸರಿ, ಹತ್ತು ಪದದ್ದು ಅಪೂರ್ಣ! ಇದು ಹೇಗೆ?

ಅರ್ಧವಾಕ್ಯ
ತುಂಬಾ ವರ್ಷಗಳ ನಂತರ ಇಂಗ್ಲಿಷ್ ಬರೆಯೋದನ್ನು ಮತ್ತೆ ಕಲಿಯುತ್ತಿದ್ದೇನೆ. ಅಭ್ಯಾಸದಲ್ಲಿ ‘ವಾಕಿಂಗ್ ಟು ದ ಸ್ಟೇಷನ್ ವಿತ್ ಮೈ ಬ್ರದರ್ ಇನ್ ದ ರೇನ್’ ಅಂತ ಬರೆದೆ. ಅಪೂರ್ಣ ಅಂತ ಕೆಂಪು ಗೆರೆ ಬಿತ್ತು. ಅದರ ಕೆಳಗೇ ‘ಬರ್ಡ್ಸ್ ಫ್ಲೈ’ ಅಂತಿತ್ತು, ಎರಡೇ ಪದ, ಅದಕ್ಕೆ ಸರಿ ಗುರುತು! ಹೋಗಲಿ, ನನ್ನದರಲ್ಲಿ ಕರ್ತೃ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ‘ಬಿಕಾಸ್ ಐ ವಾಸ್ ಟೈರ್ಡ್’ನಲ್ಲಿ ‘ಐ’ ಇದೆ, ‘ವಾಸ್’ ಇದೆ, ಅದೂ ತಪ್ಪಂತೆ. ಹಾಗಾದರೆ ಪೂರ್ಣ ವಾಕ್ಯ ಅಂದರೆ ಏನು? ‘ಪೂರ್ತಿ ಅರ್ಥ ಕೊಡುವುದು’ ಅನ್ನೋ ಉತ್ತರ ಮಾತ್ರ ಬೇಡ, ಅದು ಬಾಯಿಪಾಠ ಇದೆ, ಉಪಯೋಗಕ್ಕೆ ಬಂದಿಲ್ಲ.

ಹಳೇ ಚಾಕ್‌ಪೀಸ್
ಪದ ಎಣಿಸಬೇಡಿ, ಮೊದಲು ಕ್ರಿಯಾಪದ ಹುಡುಕಿ. ವಾಕ್ಯದ ಮುಂದೆ ಒಮ್ಮೆ ‘ನಿನ್ನೆ’, ಒಮ್ಮೆ ‘ನಾಳೆ’ ಇಟ್ಟು ನೋಡಿ. ಯಾವ ಪದ ರೂಪ ಬದಲಿಸುತ್ತದೋ ಅದೇ ಕ್ರಿಯಾಪದ. ‘ಬರ್ಡ್ಸ್ ಫ್ಲೈ’ ನಿನ್ನೆಗೆ ‘ಫ್ಲ್ಯೂ’ ಆಗುತ್ತದೆ, ನಾಳೆಗೆ ‘ವಿಲ್ ಫ್ಲೈ’. ನಿಮ್ಮ ಹತ್ತು ಪದಗಳಲ್ಲಿ ಒಂದಾದರೂ ಅಲುಗಾಡಿತಾ? ಇಲ್ಲ. ಅಲ್ಲಿರೋ ‘ವಾಕಿಂಗ್’ ನಮ್ಮ ‘ನಡೆಯುತ್ತಾ’ ಇದ್ದ ಹಾಗೆ. ‘ಮಳೆಯಲ್ಲಿ ತಮ್ಮನ ಜೊತೆ ಸ್ಟೇಷನ್ನಿಗೆ ನಡೆಯುತ್ತಾ’ ಅಂತ ಹೇಳಿ ಸುಮ್ನಾದರೆ ಎದುರಿಗಿದ್ದವರು ‘ಹ್ಞಾ, ಆಮೇಲೆ?’ ಅಂತಾರೆ ಅಲ್ವಾ? ಅದೇ ಕಥೆ. ‘ಐ ವಾಸ್ ವಾಕಿಂಗ್’ ಅನ್ನಿ, ‘ವಾಸ್’ ಬಂತು, ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ವಾಕ್ಯ ನಿಂತಿತು.

ಇನ್ನು ಕರ್ತೃ. ಕನ್ನಡದಲ್ಲಿ ‘ಬಂದೆ’ ಅಂದರೆ ನಾನು, ‘ಬಂದಳು’ ಅಂದರೆ ಅವಳು. ಬಂದವರು ಯಾರು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ, ಅದಕ್ಕೇ ‘ನಾನು’ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ ‘ಕೇಮ್’ಗೆ ಆ ಬಾಲ ಇಲ್ಲ. ನಾನು ಬಂದರೂ ಅದೇ, ಅವಳು ಬಂದರೂ ಅದೇ, ಅವರೆಲ್ಲ ಬಂದರೂ ಅದೇ. ಹಾಗಾಗಿ ಕರ್ತೃವಿನ ಕುರ್ಚಿ ಖಾಲಿ ಬಿಡೋ ಹಾಗಿಲ್ಲ. ಕೂರಿಸೋಕೆ ಯಾರೂ ಸಿಗದಿದ್ದರೆ ಒಂದು ಗೊಂಬೆಯನ್ನಾದರೂ ಕೂರಿಸುತ್ತಾರೆ: ‘ಇಟ್ ಈಸ್ ರೈನಿಂಗ್’ನಲ್ಲಿ ಆ ‘ಇಟ್’ ಯಾವುದು ಅಂತ ಕೇಳಿದರೆ ಉತ್ತರ ಇಲ್ಲ. ‘ಸಿಟ್’, ‘ಗೋ’ ಅಂತ ಆಜ್ಞೆ ಮಾಡುವಾಗ ಮಾತ್ರ ‘ಯೂ’ ಒಳಗೇ ಅಡಗಿರುತ್ತದೆ.

ಅಲ್ಪವಿರಾಮ
‘ಬಿಕಾಸ್’ ವಿಷಯ ನಾನು ಹೇಳ್ತೀನಿ, ನಾನೂ ಅಲ್ಲೇ ಜಾಸ್ತಿ ಎಡವಿದ್ದು. ನಾವು ಅದನ್ನು ‘ಯಾಕಂದ್ರೆ’ ಅಂತ ಓದಿಕೊಳ್ತೀವಿ. ‘ಯಾಕಂದ್ರೆ ದಣಿದಿದ್ದೆ’ ಕನ್ನಡದಲ್ಲಿ ಮುಗಿದ ಮಾತು. ಆದರೆ ‘ಬಿಕಾಸ್’ ಕೆಲಸ ಮಾಡೋದು ‘ದಣಿದಿದ್ದರಿಂದ’ ಅನ್ನೋದರ ಥರ. ಆ ‘ಇಂದ’ ನಮ್ಮಲ್ಲಿ ಕೊನೆಗೆ ಬರುತ್ತದೆ, ಮಾತು ಬಾಕಿ ಇದೆ ಅಂತ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅದೇ ಕೊಂಡಿ ತಲೆಯ ಮೇಲೆ ಕೂತಿರುತ್ತದೆ, ಕೊನೆ ಮುಟ್ಟುವಷ್ಟರಲ್ಲಿ ಮರೆತೇಹೋಗಿರುತ್ತದೆ. ‘ವೆನ್’, ‘ಇಫ್’, ‘ಆಲ್ದೋ’ ಎಲ್ಲಾ ಇದೇ ಜಾತಿ.

ಹಾಗಂತ ‘ಬಿಕಾಸ್’ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ‘ಬಿಕಾಸ್ ಐ ವಾಸ್ ಟೈರ್ಡ್, ಐ ಸ್ಲೆಪ್ಟ್ ಅರ್ಲಿ’ ಸಂಪೂರ್ಣ ಸರಿ. ಕೊಂಡಿಗೆ ಸಿಕ್ಕಿಸೋಕೆ ಇನ್ನೊಂದು ವಾಕ್ಯ ಬೇಕು, ಅಷ್ಟೇ.

ಅರ್ಧವಾಕ್ಯ
ಬಾಲದ ಮಾತು ತಲೆಗೆ ಹತ್ತಿತು! ಇನ್ನೊಂದು ಕೇಳಿಬಿಡ್ತೀನಿ. ‘ದ ಕೀಸ್ ಟು ದ ರೂಮ್ ಆರ್ ಮಿಸ್ಸಿಂಗ್’ನಲ್ಲಿ ‘ರೂಮ್’ ಒಂದೇ ಅಲ್ವಾ, ನಾನು ‘ಈಸ್’ ಹಾಕಿದ್ದೆ.

ಪೂರ್ಣವಿರಾಮ ಪ್ರೇಮಿ
ಅದನ್ನು ಪ್ರಶ್ನೆ ಮಾಡಿ: ‘ಆರ್ ದ ಕೀಸ್ ಟು ದ ರೂಮ್ ಮಿಸ್ಸಿಂಗ್?’ ಈ ‘ಆರ್’ ಏನನ್ನು ದಾಟಿ ಮುಂದೆ ಹಾರಿತು? ‘ದ ಕೀಸ್ ಟು ದ ರೂಮ್’. ಆ ಇಡೀ ತುಂಡೇ ಕರ್ತೃ. ಅದರ ಯಜಮಾನ ‘ಕೀಸ್’, ‘ಟು ದ ರೂಮ್’ ಬರೀ ವಿವರ. ಕಳೆದದ್ದು ಬೀಗದಕೈಗಳು, ಕೋಣೆ ಇದ್ದಲ್ಲೇ ಇದೆ.

ಇನ್ನೊಂದು ಗುಂಡಿ ತೋರಿಸಿಬಿಡ್ತೀನಿ, ಬೀಳಬೇಡಿ. ‘ಅವಳು ಡಾಕ್ಟರ್’ ಅನ್ನೋದಕ್ಕೆ ನಮಗೆ ಕ್ರಿಯಾಪದವೇ ಬೇಡ. ಅದೇ ಗುಂಗಿನಲ್ಲಿ ‘ಶಿ ಡಾಕ್ಟರ್’ ಅಂತ ಬರೆದರೆ ಮತ್ತೆ ಕೆಂಪು ಗೆರೆ. ‘ಶಿ ಈಸ್ ಎ ಡಾಕ್ಟರ್’ ಆಗಲೇಬೇಕು.

ಗಾಳಿಪಟ
ಇಷ್ಟೆಲ್ಲಾ ತಲೆಬಿಸಿ ಯಾಕೆ? ಕಥೆ ಬರೆಯುವವರು ‘ಸೈಲೆನ್ಸ್.’ ಅಂತ ಒಂದೇ ಪದ ಬರೆದು ಚುಕ್ಕೆ ಇಡ್ತಾರೆ.

ಹಳೇ ಚಾಕ್‌ಪೀಸ್
ಇಡಲಿ ಬಿಡಿ, ಅವರು ಬೇಕಂತಲೇ ಮುರಿಯುತ್ತಾರೆ. ಇವರು ಕೇಳಿದ್ದು ಗೊತ್ತಾಗದೆ ಮುರಿದದ್ದರ ಬಗ್ಗೆ.

ಅರ್ಧವಾಕ್ಯ
ಸರಿ, ಪರೀಕ್ಷೆಗೆ ಒಂದು ಬರೆದೆ: ‘ವೆನ್ ವಿ ರೀಚ್ಡ್ ದ ಸ್ಟೇಷನ್, ಮೈ ಬ್ರದರ್ ಹಿ ವಾಸ್ ವೆಟ್.’ ನಿನ್ನೆ, ನಾಳೆ ಎರಡೂ ಹಾಕಿ ನೋಡಿದೆ, ‘ರೀಚ್ಡ್’ ಅಲುಗಾಡುತ್ತದೆ, ‘ವಾಸ್’ ಅಲುಗಾಡುತ್ತದೆ, ‘ವೆನ್’ ಕೊಂಡಿಗೆ ಜೊತೆಯೂ ಸಿಕ್ಕಿದೆ. ಈ ಸಲ ಪಾಸಾ?

ಅಲ್ಪವಿರಾಮ
ಪಾಸಾಗುತ್ತಿತ್ತು. ಆದರೆ ಒಂದೇ ಕುರ್ಚಿಯಲ್ಲಿ ಇಬ್ಬರನ್ನು ಕೂರಿಸಿದ್ದೀರಿ, ‘ಮೈ ಬ್ರದರ್’ ಮತ್ತು ‘ಹಿ’. ಒಬ್ಬರನ್ನು ಎಬ್ಬಿಸಿ.