ರಾವಣ ಅಸುರನೋ, ರಾಕ್ಷಸನೋ? ಸಂಸ್ಕೃತ ಮೇಷ್ಟ್ರಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಮಗಳು ಪ್ರಬಂಧದಲ್ಲಿ ‘ರಾವಣಾಸುರ’ ಅಂತ ಬರೆದಿದ್ದಳು. ಅವಳ ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದು ‘ರಾವಣ ಅಸುರನಲ್ಲ’ ಅಂತ ಬರೆದಿದ್ದಾರೆ. ಅವಳಿಗೆ ಬೇಜಾರಾಗಿದೆ. ಅಸುರ, ದೈತ್ಯ, ದಾನವ, ರಾಕ್ಷಸ ಎಲ್ಲಾ ಒಂದೇ ಅಲ್ವಾ?

ಉತ್ತರ: ನಮಸ್ಕಾರ. ಟೀಚರ್ ಹೇಳಿದ್ದು ಸರಿ. ಹಾಗಂತ ಮಗಳದ್ದು ತಪ್ಪು ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ಕನ್ನಡದ ಮಾತಿನಲ್ಲಿ ‘ರಾವಣಾಸುರ’ ಯಾವತ್ತೋ ಬೇರೂರಿದೆ. ಆದರೆ ಪುರಾಣದ ಕಥೆಗಳೊಳಗೆ ಇವು ಬೈಗುಳಗಳಲ್ಲ, ವಂಶದ ಹೆಸರುಗಳು.

ಕಶ್ಯಪ ಋಷಿಗೆ ಹಲವು ಹೆಂಡತಿಯರು. ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು, ಅದಿತಿಯ ಮಕ್ಕಳು ಆದಿತ್ಯರು ಅಂದರೆ ದೇವತೆಗಳು. ಅಪ್ಪ ಒಬ್ಬನೇ, ತಾಯಂದಿರು ಬೇರೆ. ಹಿರಣ್ಯಕಶಿಪು, ಪ್ರಹ್ಲಾದ, ಬಲಿ ಇವರೆಲ್ಲ ದೈತ್ಯರು. ಇಂದ್ರಪ್ರಸ್ಥದಲ್ಲಿ ಪಾಂಡವರ ಸಭೆ ಕಟ್ಟಿದ ಮಯ ದಾನವ. ದೈತ್ಯರನ್ನೂ ದಾನವರನ್ನೂ ಸೇರಿಸಿ ಅಸುರರು ಅನ್ನುತ್ತಾರೆ.

ರಾವಣನ ಮನೆತನವೇ ಬೇರೆ. ಪುಲಸ್ತ್ಯ ಋಷಿಯ ಮಗ ವಿಶ್ರವಸ್ಸು, ಅವನ ಮಗ ರಾವಣ. ತಾಯಿ ಕೈಕಸಿ, ರಾಕ್ಷಸ ಸುಮಾಲಿಯ ಮಗಳು. ಕುಬೇರ ಅದೇ ವಿಶ್ರವಸ್ಸಿನ ಇನ್ನೊಬ್ಬ ಹೆಂಡತಿಯ ಮಗ.

ಇದನ್ನು ನಾನು ಪಾಠದಲ್ಲಿ ಅಮರಕೋಶ ಇಟ್ಟುಕೊಂಡೇ ತೋರಿಸುತ್ತೇನೆ. ಅದು ಅಮರಸಿಂಹ ಬರೆದ ಸಂಸ್ಕೃತದ ಹಳೆಯ ಪದಕೋಶ, ಒಂದೇ ಅರ್ಥದ ಹೆಸರುಗಳನ್ನು ಶ್ಲೋಕದಲ್ಲಿ ಜೋಡಿಸಿದ್ದು. ಅಸುರರಿಗೆ ಅಲ್ಲಿ ಒಂದು ಶ್ಲೋಕವಿದೆ:

ಅಸುರಾ ದೈತ್ಯದೈತೇಯದನುಜೇಂದ್ರಾರಿದಾನವಾಃ |
ಶುಕ್ರಶಿಷ್ಯಾ ದಿತಿಸುತಾಃ ಪೂರ್ವದೇವಾಃ ಸುರದ್ವಿಷಃ ||

ಬೆರಳು ಮಡಿಸಿ ಎಣಿಸಿ, 10 ಹೆಸರು. ರಾಕ್ಷಸ ಇದರಲ್ಲಿ ಇಲ್ಲ! ಎಲ್ಲಿದ್ದಾನೆ? ಇದಕ್ಕೆ ಹಿಂದಿನ ಶ್ಲೋಕದಲ್ಲಿ. ವಿದ್ಯಾಧರ, ಅಪ್ಸರೆ, ಯಕ್ಷ, ಗಂಧರ್ವ, ಕಿನ್ನರರ ಸಾಲಿನಲ್ಲಿ ‘ರಕ್ಷಸ್’ ಅಂತ ಬರುತ್ತದೆ. ಇವರೆಲ್ಲ ‘ದೇವಯೋನಿ’ಗಳು, ಅಂದರೆ ದೇವಮೂಲದವರು ಅನ್ನುತ್ತಾನೆ ಅಮರಸಿಂಹ. ಮೊದಲ ಸಲ ಇದನ್ನು ಗಮನಿಸಿದಾಗ ನಾನು ಪುಸ್ತಕ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟಿದ್ದೆ.

ಇನ್ನೊಬ್ಬರ ಪ್ರಶ್ನೆ: ದಾನವ ಅನ್ನುವುದಕ್ಕೂ ದಾನಕ್ಕೂ ಸಂಬಂಧ ಇದೆಯಾ? ಬಲಿ ದೊಡ್ಡ ದಾನಿ ಅಲ್ವಾ?

ಉತ್ತರ: ಇಲ್ಲ. ಮನುವಿನಿಂದ ಮಾನವ, ಪಾಂಡುವಿನಿಂದ ಪಾಂಡವ, ಹಾಗೇ ದನುವಿನಿಂದ ದಾನವ. ಮತ್ತೆ, ಬಲಿ ದೈತ್ಯ, ದಾನವನಲ್ಲ.

ಪ್ರಶ್ನೆ: ಸರ್, ಸುರ ಅಲ್ಲದವನು ಅಸುರ, ಇಷ್ಟೇ ತಾನೇ? ಸುರೆ ಕುಡಿಯುವವರು ಸುರರು ಅಂತಲೂ ಕೇಳಿದ್ದೇನೆ.

ಉತ್ತರ: ಸುರೆಯ ಕಥೆ ರಾಮಾಯಣದ ಬಾಲಕಾಂಡದಲ್ಲೇ ಇದೆ. ಸಮುದ್ರ ಕಡೆದಾಗ ಸುರೆಯ ದೇವತೆ ವಾರುಣಿ ಬಂದಳು. ಅದಿತಿಯ ಮಕ್ಕಳು ಅವಳನ್ನು ಸ್ವೀಕರಿಸಿ ಸುರರಾದರು, ದಿತಿಯ ಮಕ್ಕಳು ಬೇಡವೆಂದು ಅಸುರರಾದರು. ಕಥೆ ಚೆಂದ. ಆದರೆ ಪದದ ಹುಟ್ಟು ಅಲ್ಲಿಲ್ಲ.

‘ಅಸುರ’ ಬಹಳ ಹಳೆಯ ಪದ. ‘ಸುರ’ ಆಮೇಲೆ ಬಂದದ್ದು. ಅಸುರದ ‘ಅ’ವನ್ನು ‘ಅಲ್ಲ’ ಅಂತ ಅರ್ಥಮಾಡಿಕೊಂಡು, ಅದನ್ನು ಕಳಚಿ ‘ಸುರ’ ಮಾಡಿಕೊಂಡರು. ವೇದದ ಪದಗಳ ಅರ್ಥ ಬಿಡಿಸುವ ಹಳೆಯ ಗ್ರಂಥ ನಿರುಕ್ತದಲ್ಲಿ, ಅದನ್ನು ಬರೆದ ಯಾಸ್ಕ ಹೇಳುವ ಅರ್ಥಗಳಲ್ಲಿ ಒಂದು, ‘ಅಸು’ ಅಂದರೆ ಪ್ರಾಣ, ಅದುಳ್ಳವನು ಅಸುರ. ಕನ್ನಡದಲ್ಲಿ ‘ಅಸುನೀಗಿದರು’ ಅನ್ನುತ್ತೇವಲ್ಲ, ಅದೇ ಅಸು.

ಋಗ್ವೇದದಲ್ಲಿ ಇದು ದೇವತೆಗಳಿಗೇ ಹೇಳುವ ಗೌರವದ ಮಾತು. ಮೊದಲ ಮಂಡಲದ 24ನೇ ಸೂಕ್ತ ನೋಡಿ. ಯಜ್ಞದಲ್ಲಿ ಬಲಿಕೊಡಲು ಶುನಃಶೇಪ ಅನ್ನುವವನನ್ನು ಕಟ್ಟಿಹಾಕಿದ್ದಾರೆ. ಬಿಡಿಸು ಅಂತ ವರುಣನನ್ನು ಬೇಡುತ್ತಾನೆ. ಏನಂತ ಕರೆಯುತ್ತಾನೆ ಗೊತ್ತಾ? ‘ಅಸುರ ಪ್ರಚೇತಾ ರಾಜನ್’, ಅಸುರನೇ, ಜ್ಞಾನಿಯೇ, ರಾಜನೇ ಅಂತ. ಪ್ರಾಣ ಉಳಿಸು ಅಂತ ಬೇಡುವವನು ಬೈಗುಳ ಬಳಸುತ್ತಾನೆಯೇ? ಅಮರಕೋಶದ 10 ಹೆಸರುಗಳಲ್ಲಿ ‘ಪೂರ್ವದೇವಾಃ’ ಇತ್ತಲ್ಲ, ಹಿಂದೆ ದೇವರಾಗಿದ್ದವರು ಅಂತ. ನನಗೆ ಆ 10ರಲ್ಲಿ ತುಂಬಾ ಇಷ್ಟವಾದ ಪದ ಅದು.

ಪ್ರಶ್ನೆ: ಹಾಗಾದರೆ ಪ್ರಹ್ಲಾದ, ವಿಭೀಷಣರಂಥ ಒಳ್ಳೆಯವರನ್ನೂ ದೈತ್ಯ, ರಾಕ್ಷಸ ಅನ್ನಬಹುದಾ? ಒಂಥರಾ ಅನಿಸುತ್ತದೆ.

ಉತ್ತರ: ಧಾರಾಳವಾಗಿ ಅನ್ನಬಹುದು. ಗೀತೆಯ 10ನೇ ಅಧ್ಯಾಯದಲ್ಲಿ ಕೃಷ್ಣನೇ ‘ಪ್ರಹ್ಲಾದಶ್ಚಾಸ್ಮಿ ದೈತ್ಯಾನಾಂ’ ಅನ್ನುತ್ತಾನೆ, ದೈತ್ಯರಲ್ಲಿ ನಾನು ಪ್ರಹ್ಲಾದ ಅಂತ. ಅದೇ ಅಧ್ಯಾಯದಲ್ಲಿ ‘ವಿತ್ತೇಶೋ ಯಕ್ಷರಕ್ಷಸಾಂ’ ಅಂತಲೂ ಇದೆ, ಯಕ್ಷ ರಾಕ್ಷಸರಲ್ಲಿ ಕುಬೇರ. ದೈತ್ಯರ ಸಾಲು ಬೇರೆ, ರಾಕ್ಷಸರ ಸಾಲು ಬೇರೆ. ವಿಭೀಷಣ ರಾಮನ ಕಡೆಗೆ ಬಂದ ಮೇಲೂ ರಾಕ್ಷಸನೇ. ಲಂಕೆಗೆ ರಾಜನಾದದ್ದೂ ರಾಕ್ಷಸರ ರಾಜನಾಗಿಯೇ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಮಗಳು ಪಕ್ಕದಲ್ಲೇ ಕೂತು ಓದಿದಳು. ಈಗ ಅವಳದೇ ಪ್ರಶ್ನೆ, ಬಕಾಸುರ?

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟಾ! ಬಕ ಇಬ್ಬರಿದ್ದಾರೆ. ಏಕಚಕ್ರಪುರದಲ್ಲಿ ಬಂಡಿ ತುಂಬ ಅನ್ನ ತಿನ್ನುತ್ತಿದ್ದ, ಭೀಮ ಕೊಂದ ಬಕ ರಾಕ್ಷಸ. ಭಾಗವತದಲ್ಲಿ ಕೊಕ್ಕರೆಯ ರೂಪದಲ್ಲಿ ಬಂದು ಕೃಷ್ಣನನ್ನು ನುಂಗಿದ ಬಕ ಅಸುರ. ಕೃಷ್ಣ ಅವನ ಗಂಟಲು ಸುಟ್ಟು, ಹೊರಗೆ ಬಂದು, ಎರಡೂ ಕೊಕ್ಕು ಹಿಡಿದು ಸೀಳಿದ. ನಿನ್ನ ಪ್ರಬಂಧದಲ್ಲಿ ‘ರಾಕ್ಷಸರಾಜ ರಾವಣ’ ಅಂತ ತಿದ್ದಿಕೋ. ಟೀಚರ್ ಒಪ್ಪುತ್ತಾರೆ.