ಮೊಲಕ್ಕೆ ಯಾವ ಪೆಲೆಟ್, ಯಾವ ಹುಲ್ಲು? ಡಾಕ್ಟ್ರನ್ನ ಕೇಳಿ

ಅಡ್ಮಿನ್: ಇವತ್ತು ನಮ್ಮ ಗ್ರೂಪಿನ ವೆಟ್ ಮೇಡಂ ಮೊಲದ ಊಟದ ಬಗ್ಗೆ, ಅಂದ್ರೆ ಹುಲ್ಲು, ಪೆಲೆಟ್ (ಒತ್ತಿ ಮಾಡಿದ ಗುಳಿಗೆ ಆಹಾರ) ಬಗ್ಗೆ ಉತ್ತರ ಕೊಡ್ತಾರೆ. ಕೇಳೋಕೆ ಮುಂಚೆ ಮೇಲಿನ ಕಾಮೆಂಟ್ ಓದಿ, ಪ್ಲೀಸ್.

ಗುಂಡನ ಅಮ್ಮ: ನಮಸ್ತೆ ಮೇಡಂ, ಯಾವ ಪೆಲೆಟ್ ತಗೋಬೇಕು? ಬಣ್ಣಬಣ್ಣದ ಕಾಳು, ಒಣಹಣ್ಣು ಮಿಕ್ಸ್ ಇರೋದು ನೋಡೋಕೆ ಚೆನ್ನಾಗಿದೆ.

ವೆಟ್ ಮೇಡಂ: ನಮಸ್ಕಾರ. ಚೆನ್ನಾಗಿರೋದು ನಮ್ಮ ಕಣ್ಣಿಗೆ, ಮೊಲ ಅದ್ರಲ್ಲಿ ಸಿಹಿ ಇರೋದನ್ನ ಹೆಕ್ಕಿ ತಿಂದು ನಾರು ಇರೋದನ್ನ ಬಿಟ್ಬಿಡುತ್ತೆ. ಎಲ್ಲಾ ಒಂದೇ ಥರ ಇರೋ ಪೆಲೆಟ್ ತಗೊಳ್ಳಿ, ಚೀಲದ ಹಿಂದೆ ನಾರು 18% ಅಥವಾ ಜಾಸ್ತಿ, ಪ್ರೋಟೀನ್ 12-14%, ಕೊಬ್ಬು 3%ಗಿಂತ ಕಮ್ಮಿ, ಕ್ಯಾಲ್ಸಿಯಂ 1% ಒಳಗೆ ಇರ್ಬೇಕು. ಬೆಳೆದ ಮೊಲಕ್ಕೆ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟಬೇಡಿ. ಹುಲ್ಲು ಮಾತ್ರ ಇಡೀ ದಿನ ಮುಂದೆ ಇರ್ಬೇಕು, ಅದಕ್ಕೆ ಲೆಕ್ಕ ಇಲ್ಲ.

ಚಿಂಟು ಅಪ್ಪ: ಮೂರು ತಿಂಗಳ ಮರಿಗೆ ಆಲ್ಫಾಲ್ಫಾ (ಲೂಸರ್ನ್) ಹುಲ್ಲು ಹಾಕ್ಬಹುದಾ?

ವೆಟ್ ಮೇಡಂ: ಹಾಕಿ. ಆರು ತಿಂಗಳಾದ್ಮೇಲೆ ಮೆಲ್ಲಗೆ ಟಿಮೊಥಿ ಥರದ ಹುಲ್ಲಿಗೆ ಬದಲಾಯಿಸಿ, ಆಲ್ಫಾಲ್ಫಾದಲ್ಲಿ ಕ್ಯಾಲ್ಸಿಯಂ ಜಾಸ್ತಿ, ದೊಡ್ಡವಕ್ಕೆ ಮೂತ್ರಚೀಲದಲ್ಲಿ ಕೆಸರು ಕಟ್ಟಬಹುದು.

ಸ್ನೋಯಿ ಅಕ್ಕ: ಹುಲ್ಲಿನ ಧೂಳಿಗೆ ನಂಗೇ ಸೀನು ಬರ್ತಿದೆ, ಏನ್ಮಾಡ್ಲಿ?

ಮುದ್ದು ಮನೆಯವರು: ಮೇಡಂ ನಮ್ಮ ಮುದ್ದು ನಾಲ್ಕು ವರ್ಷದವನು, ಎರಡು ವಾರದಿಂದ ಹುಲ್ಲು ಮುಟ್ತಿಲ್ಲ, ಪೆಲೆಟ್ ತಿಂತಿದ್ನಲ್ಲ ಅಂತ ಸುಮ್ಮನಿದ್ವಿ, ನಿನ್ನೆ ರಾತ್ರಿಯಿಂದ ಅದೂ ಬಾಯಿಗೆ ತಗೊಂಡು ಉದುರಿಸ್ತಾನೆ, ಗಲ್ಲ ಒದ್ದೆ ಇದೆ. ಸ್ವಲ್ಪ ರುಚಿ ಇರೋ ಪೆಲೆಟ್ ಯಾವ್ದಾದ್ರೂ ಹೇಳಿ.

ವೆಟ್ ಮೇಡಂ: ಹಿಕ್ಕೆ ಹಾಕಿದ್ದಾನಾ?

ಮುದ್ದು ಮನೆಯವರು: ಬೆಳಿಗ್ಗೆ ನಾಲ್ಕೈದು, ತುಂಬಾ ಸಣ್ಣ. ಆಮೇಲೆ ಇಲ್ಲ.

ವೆಟ್ ಮೇಡಂ: ಪೆಲೆಟ್ ವಿಷಯ ಬಿಡಿ, ಅವನಿಗೆ ತಿನ್ನೋ ಆಸೆ ಇದೆ, ಆಗ್ತಿಲ್ಲ. ಮೊಲದ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ, ಮುಂದಿನ ಹಲ್ಲಂತೂ ವಾರಕ್ಕೆ ಹೆಚ್ಚುಕಮ್ಮಿ 2 ಮಿಲಿಮೀಟರ್. ಹುಲ್ಲನ್ನ ಅಡ್ಡಡ್ಡ ಅರೆದು ತಿನ್ನೋವಾಗ ದವಡೆ ಹಲ್ಲು ಸವೀತವೆ, ಪೆಲೆಟ್ ಆದ್ರೆ ನಾಲ್ಕು ಸಲ ಕುಟ್ಟಿ ನುಂಗಿಬಿಡುತ್ತೆ. ಸವೆಯದಿದ್ರೆ ಅಂಚಲ್ಲಿ ಮೊನೆ ಬಂದು ಕೆಳಗಿನವು ನಾಲಿಗೆಗೆ, ಮೇಲಿನವು ಕೆನ್ನೆಗೆ ಚುಚ್ಚುತ್ತೆ, ಅದಕ್ಕೇ ಮೊದಲು ಹುಲ್ಲು ಬಿಡುತ್ತೆ, ನಾವು ಹಠ ಅಂದ್ಕೋತೀವಿ. ಮುಂದಿನ ಹಲ್ಲು ಸರಿಯಾಗಿ ಕಂಡ್ರೆ ಏನೂ ಅರ್ಥ ಇಲ್ಲ, ಹಿಂದಿನವನ್ನ ಬಾಯೊಳಗೆ ಸ್ಕೋಪ್ (ಒಳಗೆ ನೋಡೋ ಉಪಕರಣ) ಹಾಕಿ ನೋಡ್ಬೇಕು. ನಂಗೆ ಹಲ್ಲಿಗಿಂತ ಹೊಟ್ಟೆ ಚಿಂತೆ. 10-12 ಗಂಟೆ ತಿನ್ನದಿದ್ರೆ ಕರುಳು ನಿಲ್ಲೋಕೆ ಶುರುವಾಗುತ್ತೆ, ನೀವು ಆಗ್ಲೇ ಅಲ್ಲಿದ್ದೀರಿ. ಈಗ್ಲೇ ಮೊಲ ನೋಡೋ ಡಾಕ್ಟ್ರ ಹತ್ರ ಹೊರಡಿ, ಬೆಚ್ಚಗೆ ಸುತ್ತಿಕೊಳ್ಳಿ, ಹೊಟ್ಟೆ ಉಬ್ಬಿ ಗಟ್ಟಿ ಇದ್ರೆ ಬಲವಂತವಾಗಿ ಏನೂ ತಿನ್ನಿಸಬೇಡಿ.

ಹನಿಮನೆ: ಇದು ಹೊಟ್ಟೇಲಿ ಕೂದಲು ಗಂಟು ಕಟ್ಟಿರೋದು. ಅನಾನಸ್ ಜ್ಯೂಸ್ 10 ಎಂಎಲ್, ಎರಡು ಹನಿ ಎಣ್ಣೆ, ಒಂದೇ ದಿನಕ್ಕೆ ಕರಗಿ ಹೋಗುತ್ತೆ. ಬಂದ ಮೆಸೇಜ್ ಹಾಗೇ ಹಾಕ್ತಿದೀನಿ, ಎಲ್ಲರಿಗೂ ಕಳಿಸಿ.

ವೆಟ್ ಮೇಡಂ: ದಯವಿಟ್ಟು ಕಳಿಸಬೇಡಿ. ಅನಾನಸ್ ರಸಕ್ಕೆ ಕೂದಲು ಕರಗಲ್ಲ. ಆ ಸಕ್ಕರೆಯಿಂದ ನಿಂತಿರೋ ಕರುಳಲ್ಲಿ ಗ್ಯಾಸ್ ಇನ್ನೂ ಜಾಸ್ತಿ ಆಗುತ್ತೆ, ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ಡಿಲೀಟ್ ಮಾಡಿ.

ಹನಿಮನೆ: ನಮ್ಮದಕ್ಕೆ ವಾಸಿ ಆಗಿತ್ತು. ಅನುಭವಕ್ಕೆ ಬೆಲೆನೇ ಇಲ್ವಾ?

ಬಿಳಿಕಿವಿ: ಮನೇಲಿ ಮಗೂದು ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಅಷ್ಟು ಹೊತ್ತು ಅದು ಕೊಡ್ಬಹುದಲ್ವಾ?

ವೆಟ್ ಮೇಡಂ: ಬೇಡ!! ಬಾಯಿಗೆ ಹಾಕೋ ಅಮಾಕ್ಸಿಸಿಲಿನ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೊಂದು ಮೊಲದ ಜೀವ ತೆಗೆಯುತ್ತೆ. ಯಾರೂ ಕೊಡಬೇಡಿ.

ಜಂಪಿ: ಮೇಡಂ ಪೆಲೆಟ್ ಯಾವ ಬ್ರ್ಯಾಂಡ್?

ವೆಟ್ ಮೇಡಂ: ಚೀಲದಲ್ಲಿ ಏನು ನೋಡ್ಬೇಕು ಅಂತ ಮೇಲೆ ಇದೆ.

ಹಸಿರೇ ಉಸಿರು: ಪೆಲೆಟ್ಟೇ ಬೇಡ ಅಂತೀನಿ ನಾನು. ಕಾಡು ಮೊಲ ಪೆಲೆಟ್ ತಿನ್ನುತ್ತಾ?

ಚಿಂಟು ಅಪ್ಪ: ಕಾಡು ಮೊಲ ಎಷ್ಟು ವರ್ಷ ಬದುಕುತ್ತೆ ಅದನ್ನೂ ಹೇಳಿ ಸ್ವಾಮಿ.

ಹಸಿರೇ ಉಸಿರು: ಚೀಲ ಮಾರೋರ ಏಜೆಂಟ್ ಥರ ಮಾತಾಡ್ಬೇಡಿ.

ಚಿಂಟು ಅಪ್ಪ: ಏಜೆಂಟಾ? ನಿಮ್ಮದು ಮೊನ್ನೆ ಸಣ್ಣ ಆಗಿದೆ ಅಂತ ಇದೇ ಗ್ರೂಪಲ್ಲಿ ಅಳ್ತಿದ್ರಲ್ಲ.

ವೆಟ್ ಮೇಡಂ: ಒಳ್ಳೆ ಹುಲ್ಲು, ಥರಥರದ ಸೊಪ್ಪು ಇದ್ರೆ ಪೆಲೆಟ್ ಇಲ್ದೆನೂ ಸಾಕ್ಬಹುದು, ತೂಕ ನೋಡ್ತಾ ಇರ್ಬೇಕು. ಜಗಳ ಬೇರೆ ಪೋಸ್ಟಲ್ಲಿ.

ಕುಟ್ಟಿ: ಮೆತ್ತಗಿನ ಅಂಟು ಹಿಕ್ಕೆ ತಿನ್ನದೇ ಬಿಡ್ತಿದೆ.

ವೆಟ್ ಮೇಡಂ: ಆ ಹಿಕ್ಕೆ ಮೊಲ ಮತ್ತೆ ತಿನ್ನಲೇಬೇಕಾದ್ದು. ಪೆಲೆಟ್ ಜಾಸ್ತಿ ಆಗಿದೆ. ಅರ್ಧ ಮಾಡಿ. ಕಮ್ಮಿ ಆಗದಿದ್ರೆ ತೋರಿಸಿ.

ಗೌರಿ: ಪೆಲೆಟ್ ಖಾಲಿ, ಕೋಳಿ ಫೀಡ್ ಎರಡು ದಿನ ನಡೆಯುತ್ತಾ?

ವೆಟ್ ಮೇಡಂ: ಇಲ್ಲ. ಅದಕ್ಕೆ ಬೆರೆಸೋ ನರಾಸಿನ್ ಥರದ ಔಷಧಿ ಮೊಲಕ್ಕೆ ವಿಷ. ಎರಡು ದಿನ ಬರೀ ಹುಲ್ಲು ತಿಂದ್ರೆ ಏನೂ ಆಗಲ್ಲ.

ಮೋತಿ: ಬೆಸ್ಟ್ ಪೆಲೆಟ್ ಯಾವ್ದು ಮೇಡಂ?

ವೆಟ್ ಮೇಡಂ: ಓದಿ ಅಂದ್ರೆ ಓದಲ್ಲ ಅಲ್ವಾ ನೀವು.

ಹನಿಮನೆ: ಇಷ್ಟು ಸಿಡುಕೋದಾದ್ರೆ ಯಾಕೆ ಬರ್ತೀರಿ. ಜ್ಯೂಸ್ ಬೇಕಾದೋರು ನಂಗೆ ಮೆಸೇಜ್ ಮಾಡಿ.

ಅಡ್ಮಿನ್: ಹನಿಮನೆ ಅವರೇ, ಇದು ಕೊನೇ ವಾರ್ನಿಂಗ್.

ಮುದ್ದು ಮನೆಯವರು: ಮೇಡಂ, ದವಡೆ ಹಲ್ಲು ಮೊನೆಯಾಗಿ ನಾಲಿಗೆ ಗಾಯ ಆಗಿದೆಯಂತೆ. ಡ್ರಿಪ್, ನೋವಿನ ಇಂಜೆಕ್ಷನ್ ಕೊಟ್ಟಿದಾರೆ, ನಾಳೆ ಅರಿವಳಿಕೆ ಕೊಟ್ಟು ಹಲ್ಲಿನ ಮೊನೆ ಉಜ್ಜಿ ಸಮ ಮಾಡ್ತಾರೆ. ರಾತ್ರಿ ಖಾಲಿ ಹೊಟ್ಟೇಲಿ ಇಡ್ಬೇಕಾ?

ವೆಟ್ ಮೇಡಂ: ಬೇಡ, ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ನಾಯಿ ಬೆಕ್ಕಿನ ಹಾಗೆ ಉಪವಾಸ ಇಡೋದಿಲ್ಲ. ಉಜ್ಜಿದ್ಮೇಲೆ ಬಾಯಿ ನೋಯ್ತಿರುತ್ತೆ, ಕೆಲವು ದಿನ ಅವರು ಹೇಳಿದಷ್ಟು ಪುಡಿ ಆಹಾರ ಕಲಸಿ ಸಿರಿಂಜಲ್ಲಿ ಕೊಡಿ, ಜೊತೆಗೆ ಎಲೆ ಜಾಸ್ತಿ ಇರೋ ಮೆತ್ತನೆ ಹುಲ್ಲು ಇಡಿ, ದಪ್ಪ ಕಡ್ಡಿದು ಆಮೇಲೆ. ಮೊನೆ ಮತ್ತೆ ಬೆಳೆಯುತ್ತೆ, ಮುಂದಿನ ಚೆಕಪ್ ಯಾವಾಗ ಅಂತ ಅಲ್ಲೇ ಕೇಳಿಕೊಂಡು ಬನ್ನಿ.